ಹಾಲಿನ ಗುಂಪು

ಹಾಬೆಲ್ ಮಗುವನ್ನು ಕರೆದೊಯ್ಯಲು ಬಂದಾಗ ದೋರ್ಕಾ ಸಾಗು ಮರದ ಹಿಟ್ಟಿನ ಅಂಬಲಿ ತಿರುವುತ್ತಿದ್ದಳು. ಸೌಟು ಹಿಡಿದೇ ಜಗಳಕ್ಕೆ ನಿಂತಳು. ಆ ಮಗು ಮೀಕೆಯನ್ನು ಹೆತ್ತವಳು ದೋರ್ಕಾಳ ತಂಗಿ; ಹೆತ್ತ ವಾರದಲ್ಲೇ ಮಣ್ಣಾದಳು. ಎದೆಹಾಲು ಕೊಟ್ಟು ಸಾಕಿದವಳು ದೋರ್ಕಾ. ತಂದೆ ಹಾಬೆಲ್ ಬೇರೆ ಮದುವೆಯಾಗಿ ಕೊಲ್ಲಿಯಾಚೆ ಮನೆ ಮಾಡಿದ್ದ.

"ನನ್ ಕೂಸು ಅತ್ತಿಗೆ, ನನ್ ಕುಲದ್ದು."

"ಓಹೋ! ಅದು ಹಸಿದು ಅಳ್ತಿದ್ದಾಗ ನಿನ್ ಕುಲ ಎಲ್ ಗೊರಕೆ ಹೊಡೀತಿತ್ತಪ್ಪ?"

ಊರ ಹಿರಿಯ ಯಾಫೆತ್ ತಾತ ಅಡಿಕೆ ಉಗಿದು ಹಳೆಯ ಕಟ್ಟಳೆ ಹೇಳಿದ. ದೋರ್ಕಾ ಬೆಟ್ಟ ಹತ್ತಿ ಪಯಾಂಕೊ ಎಂಬ ಮುಳ್ಳುಮೈಯ ಪ್ರಾಣಿಯನ್ನು ಕಂಡು ಬರಬೇಕು, ಹಾಬೆಲ್ ಕಡಲಿಗಿಳಿದು ಈಟಿಮೂತಿಯ ಮೀನನ್ನು ತರಬೇಕು. ಎರಡೂ ಸಿಕ್ಕ ದಿನ ಜಗಳ ಮುಗಿಯಿತು, ಮಗು ತಂದೆಯ ಕುಲಕ್ಕೆ. ಅಲ್ಲಿಯವರೆಗೆ ಅದು ಇದ್ದಲ್ಲೇ ಇರಲಿ.

"ಮೊಟ್ಟೆ ಇಡೋ ಪ್ರಾಣಿಯಂತೆ. ಅದು ಹಕ್ಕಿನೋ ಮೃಗನೋ?" ಹಾಬೆಲ್ ಗೊಣಗಿದ.

"ಓದಿದೋರೂ ಅದನ್ನ ಯಾವ ಗುಂಪಿಗೆ ಸೇರಿಸೋದು ಅಂತ ಬಹಳ ಕಾಲ ಕಿತ್ತಾಡಿದ್ರಂತೆ ಕಣೋ. ಕೊನೆಗೆ ಮೊಟ್ಟೆ ಬಿಟ್ಟು ಹಾಲು ನೋಡಿದ್ರು. ಹಾಲೂಡೋರ ಗುಂಪಿಗೇ ಸೇರಿಸಿ, ಅಲ್ಲೇ ಅದಕ್ಕೊಂದು ಬೇರೆ ಚಾಪೆ ಹಾಸಿದ್ರು," ಎಂದ ತಾತ.

ದೋರ್ಕಾ ಎಷ್ಟೋ ಸಲ ಬೆಟ್ಟ ಹತ್ತಿ ಬರಿಗೈಲಿ ಇಳಿದಳು. ಒಂದು ಮುಂಜಾವು ಮಂಜು ಎಷ್ಟು ದಟ್ಟವಾಗಿತ್ತೆಂದರೆ ತನ್ನ ಪಾದಗಳೇ ಅವಳಿಗೆ ಯಾರದೋ ಎನ್ನಿಸಿದವು. ಮರಗಳು ನಡೆಯುತ್ತಿದ್ದವೋ, ತಾನು ನಿಂತಿದ್ದಳೋ ತಿಳಿಯಲಿಲ್ಲ. ಆ ಬಿಳುಪಿನೊಳಗಿಂದ ಅದು ಬಂತು, ಉದ್ದ ಮೂತಿಯಿಂದ ಹಾವಸೆ ಕೆದಕುತ್ತಾ, ಯಾವ ಅವಸರವೂ ಇಲ್ಲದೆ. ಅವಳ ಕಾಲ ಬಳಿಯೇ ಮಗ್ಗುಲಾಯಿತು. ಹೊಟ್ಟೆಯ ಮಡಿಕೆಯಲ್ಲಿ ಬೆತ್ತಲೆ ಮರಿಯೊಂದು ಅಂಟಿಕೊಂಡಿತ್ತು. ಮೊಲೆತೊಟ್ಟಿಲ್ಲ, ಚರ್ಮದಿಂದಲೇ ಹಾಲು ಜಿನುಗುತ್ತಿತ್ತು, ಮರಿ ನೆಕ್ಕುತ್ತಿತ್ತು. ಇಷ್ಟು ಸುಖ, ಇಷ್ಟು ಭಯ ದೋರ್ಕಾಳಿಗೆ ಒಟ್ಟಿಗೆ ಎಂದೂ ಆಗಿರಲಿಲ್ಲ. ಕಂಡೆನೆಂದು ಹೇಳಿದರೆ ಮೀಕೆ ಅರ್ಧ ಕೈಬಿಟ್ಟಂತೆಯೇ.

"ಹೋಗು ತಾಯಿ," ಎಂದಳು ಪಿಸುದನಿಯಲ್ಲಿ. "ನಾನು ನಿನ್ನ ನೋಡೇ ಇಲ್ಲ."

ಅವಳು ದಡಕ್ಕಿಳಿಯುವಾಗ ಹಾಬೆಲನ ದೋಣಿ ಆಗಷ್ಟೇ ಮರಳಿಗೆ ತಾಗಿತ್ತು. ಮೀಕೆ "ಅಮ್ಮಾ" ಎಂದು ಓಡಿಬಂದು ಅವಳ ಸೊಂಟವೇರಿದಳು. ಹಾಬೆಲ್ ಕೈ ಚಾಚಿದ. ಮಗು ದೋರ್ಕಾಳ ಕುತ್ತಿಗೆಯಲ್ಲಿ ಮುಖ ಹುದುಗಿಸಿತು. ಅವನು ಕೈ ಕೆಳಗಿಳಿಸಿದ.

ಮೇಲೆ ಮರದಡಿ ಕುಳಿತಿದ್ದ ತಾತ ಕೂಗಿದ: "ಏನವ್ವಾ, ಸಿಕ್ತಾ?"

"ಇಲ್ಲ ತಾತ."

"ನಿಂಗೇನೋ?"

ಹಾಬೆಲ್ ಮಗುವಿನ ಬೆನ್ನನ್ನು ನೋಡಿದ. "ನಂಗೂ ಸಿಗ್ಲಿಲ್ಲ."

ದೋಣಿಯಲ್ಲಿ ತೆಂಗಿನ ಗರಿ ಹೊದ್ದು ಏನೋ ಉದ್ದಕ್ಕೆ ಮಲಗಿತ್ತು. ಈಟಿಯಂಥ ಮೂತಿ ಒಂದು ಗೇಣು ಹೊರಗೆ ಚಾಚಿತ್ತು. ದೋರ್ಕಾ ಬಗ್ಗಿ, ಗರಿಯನ್ನು ಅದರ ಮೇಲೆ ಎಳೆದಳು.