ಮಂಚ ಕೊಯ್ದ ಭಾನುವಾರ

ಪೆನ್ಸಿಲ್ಲಿನ ಮೊನೆಯನ್ನು ನಾಲಿಗೆಗೆ ತಾಗಿಸಿಕೊಂಡು ಬಡಗಿ ಗೆರೆ ಎಳೆಯುತ್ತಿದ್ದಾನೆ, ನಾಲಿಗೆಯ ತುದಿ ಕಪ್ಪಾಗಿದೆ, ಮಗಳೂ ಒಂದನೇ ಕ್ಲಾಸಿನಲ್ಲಿ ಹೀಗೇ ಮಾಡುತ್ತಿದ್ದಳು, ಬೈದು ಬೈದು ನನಗೇ ಸಾಕಾಗಿತ್ತು — ಮಂಚದ ತಲೆಯ ಕಡೆಯ ಪಟ್ಟಿಗೆ ಒಂದು ಗೆರೆ, ಕಾಲಿನ ಕಡೆಯದಕ್ಕೆ ಒಂದು, ನಡುವೆ ಅಡ್ಡ ಹಾಕಿದ ಒಂಬತ್ತು ಹಲಗೆ, ಒಂಬತ್ತಕ್ಕೂ ಒಂದೊಂದು, ಎಷ್ಟು ನೀಟಾಗಿ ಎಳೆಯುತ್ತಾನೆ ಪುಣ್ಯಾತ್ಮ, ಒಂದಾದರೂ ಸೊಟ್ಟ ಆಗಬಾರದೇ, ಸೊಟ್ಟ ಆದರೆ ಇವತ್ತು ಬೇಡ ಬಿಡಪ್ಪಾ ಅನ್ನಬಹುದಿತ್ತು, ಆದರೆ ಹಾಗನ್ನುವುದಕ್ಕೆ ಸೊಟ್ಟ ಗೆರೆ ಯಾಕೆ ಬೇಕು, ಬಾಯಿಲ್ಲವೇ ನನಗೆ, ಗರಗಸ ಇನ್ನೂ ಚೀಲದಲ್ಲೇ ಇದೆ, ಈಗ ಅಂದರೂ ಆಗುತ್ತದೆ. ಹಾಸಿಗೆಯನ್ನು ಇವರು ಸುರುಳಿ ಸುತ್ತಿ ಬೀರುವಿಗೆ ಒರಗಿಸಿದ್ದಾರೆ, ಬೆಳಿಗ್ಗೆ ಎದ್ದವರೇ ಮಾಡಿದ ಮೊದಲ ಕೆಲಸ ಅದು, ನಾನಿನ್ನೂ ಮುಖ ತೊಳೆದಿರಲಿಲ್ಲ. ಅಮ್ಮಾ, ಸರಿಯಾಗಿ ಮಧ್ಯಕ್ಕೇ ಕೊಯ್ಯಲಾ, ಇಲ್ಲಾ ಯಜಮಾನ್ರಿಗೆ ಒಂದು ಗೇಣು ಜಾಸ್ತಿ ಇಡಲಾ, ಬಡಗಿಗೆ ತಮಾಷೆ, ಇವರಿಗೂ ತಮಾಷೆ, ಅವಳಿಗೇ ಜಾಸ್ತಿ ಇಡಪ್ಪಾ, ಹೊರಳಾಡೋ ಅಭ್ಯಾಸ ಅವಳಿಗೆ, ನಾನು ಕೊರಡಿನ ಹಾಗೆ ಬಿದ್ದಿರ್ತೀನಿ. ಹೊರಳಾಡುವ ಅಭ್ಯಾಸವಂತೆ. ನಿವೃತ್ತಿಯಾಗಿ ಮೂರೇ ತಿಂಗಳಲ್ಲಿ ಕಂಡುಹಿಡಿದುಬಿಟ್ಟರು. ಅದಕ್ಕೂ ಹಿಂದಿನ ಇಪ್ಪತ್ತನಾಲ್ಕು ವರ್ಷ ಗೊತ್ತಿರಲಿಲ್ಲ, ಗೊತ್ತಾಗುವುದಾದರೂ ಹೇಗೆ, ಇವರಿಗೆ ಪತ್ರಿಕೆಯ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ, ನನಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲು ಕೆಲಸ, ಬೆಳಿಗ್ಗೆ ಆರಕ್ಕೆ ನಾನು ಮೆಟ್ಟಿಲು ಇಳಿಯುವಾಗ ಇವರು ಹತ್ತುತ್ತಿದ್ದರು, ಬೀಗದ ಕೈ ನನ್ನ ಕೈಯಿಂದ ಇವರ ಕೈಗೆ, ಹಾಲು ಕಾಯಿಸಿಟ್ಟಿದ್ದೀನಿ, ಹ್ಞೂಂ, ಮಗೂನ ಎಂಟಕ್ಕೆ ಎಬ್ಬಿಸಿ, ಹ್ಞೂಂ, ಅಷ್ಟೇ. ವಾರದ ರಜೆಯಲ್ಲೂ ಇವರಿಗೆ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ, ಹೊರಗಿನ ಕೋಣೆಯಲ್ಲಿ ರೇಡಿಯೋ ಕಿವಿಗಿಟ್ಟುಕೊಂಡು ಕೂತಿರುತ್ತಿದ್ದರು. ನಿನ್ನ ಮಗಳು ಯಾವುದೋ ಮಧ್ಯಾಹ್ನದ ಪುಣ್ಯ ಕಣೇ ಅಂತ ಲಾಂಡ್ರಿಯ ದಪ್ಪಕ್ಕ ಇಸ್ತ್ರಿ ಮೇಜು ಬಡಿದು ಬಡಿದು ನಗುತ್ತಿದ್ದಳು, ನಾನೂ ನಗುತ್ತಿದ್ದೆ, ನನಗೇನು ಕೊರಗಿರಲಿಲ್ಲ, ಯಾಕೆಂದರೆ ಬೆಳಗಿನ ಆ ಹತ್ತು ನಿಮಿಷ ನನಗಿತ್ತು, ಅದು ದಪ್ಪಕ್ಕನಿಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಅತ್ತೆ ಹೇಳಿಕೊಟ್ಟಿದ್ದು, ಮದುವೆಯಾದ ಮೊದಲ ವಾರವೇ, ರಾತ್ರಿಯೆಲ್ಲ ನಿಂತು ದುಡಿದು ಬರೋನು ಕಣಮ್ಮಾ, ತಣ್ಣಗಿರೋ ಹಾಸಿಗೆಗೆ ಬೀಳಬಾರದು — ಅಂದಿನಿಂದ ಅಲಾರಂ ಹೊಡೆದ ಕೂಡಲೇ ನಾನು ಏಳುತ್ತಿರಲಿಲ್ಲ, ಇವರ ಕಡೆಗೆ ಹೊರಳುತ್ತಿದ್ದೆ, ಗೋಡೆಯ ಪಕ್ಕದ ಆ ಜಾಗ ಮಂಜಿನ ಹಾಗಿರುತ್ತಿತ್ತು, ಬೆನ್ನು ಜುಮ್ಮೆನ್ನುತ್ತಿತ್ತು, ಕೈಕಾಲು ಅಗಲಿಸಿ ಮೈಯೆಲ್ಲ ಒತ್ತಿ ಹತ್ತು ನಿಮಿಷ ಮಲಗಿ, ಆಮೇಲೆ ಮೆಲ್ಲಗೆ ಜಾರಿ ಕೆಳಗಿಳಿದು ಬಿಸಿ ಹೋಗದ ಹಾಗೆ ಕಂಬಳಿ ಎಳೆದು ಮುಚ್ಚುತ್ತಿದ್ದೆ, ಅನ್ನದ ಪಾತ್ರೆ ಮುಚ್ಚಿದ ಹಾಗೆ. ಜ್ವರ ಬಂದಾಗಲೂ. ಬಸುರಿಯಾಗಿದ್ದಾಗ ಹೊರಳಲಾಗದೆ ತೆವಳಿಕೊಂಡು ಹೋಗಿ. ನಾಲ್ಕು ದಿನ ಮಾತು ಬಿಟ್ಟಿದ್ದಾಗಲೂ, ಬಾಯಲ್ಲಿ ಬೈದುಕೊಳ್ಳುತ್ತಲೇ ಇವರ ಜಾಗ ಬಿಸಿ ಮಾಡಿದೆ. ಆರೂವರೆಗೆ ಲಾಂಡ್ರಿಯಲ್ಲಿ ಮೊದಲ ಹಾಸು ಇಸ್ತ್ರಿಗೆ ಬರುತ್ತಿತ್ತು, ಹಬೆಯಾಡುವ ಬಟ್ಟೆಯ ಮೇಲೆ ಅಂಗೈ ಇಟ್ಟು ಅಂದುಕೊಳ್ಳುತ್ತಿದ್ದೆ, ಈಗ ಮಲಗಿದ್ದಾರೆ, ನಾನು ಬಿಟ್ಟುಬಂದ ಬಿಸಿ ಈಗ ಇವರ ಬೆನ್ನಿಗೆ ಇಳಿಯುತ್ತಿದೆ. ಸಂಜೆ ಇವರು ಹೊರಟ ಮೇಲೆ ದಿಂಬಿನಲ್ಲಿ ಮುಖ ಹುದುಗಿಸಿದರೆ ಶಾಯಿಯ ವಾಸನೆ, ಕೈ ತೊಳೆದ ಸೀಮೆಎಣ್ಣೆಯ ವಾಸನೆ. ಎಲ್ಲರೂ ಜೊತೆಗೆ ಮಲಗುತ್ತಾರೆ, ನಾವು ಒಬ್ಬರಾದ ಮೇಲೆ ಒಬ್ಬರು, ಇದೂ ಸಂಸಾರವೇ, ಇದು ಅದಕ್ಕಿಂತ ಒಂದು ತೂಕ ಹೆಚ್ಚೇ ಅಂತ ಒಳಗೊಳಗೇ ಜಂಬ ಬೇರೆ ನನಗೆ. ಇವರಿಗೆ ನಿವೃತ್ತಿಯಾದ ದಿನ ಹೊಸ ಹಾಸು ಹಾಸಿದೆ, ಐವತ್ತೆರಡನೇ ವಯಸ್ಸಿನಲ್ಲಿ ಹೊಸ ಮದುವಣಗಿತ್ತಿಯ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು, ಮೆಲ್ಲಗೆ ಬೆನ್ನಿಗೆ ಕೈ ತಾಗಿಸಿದೆ, ಇವರು ಒಂದು ಅಂಗುಲ ಸರಿದರು, ನಾನೂ ಸರಿದೆ, ಇವರು ಇನ್ನೊಂದು ಅಂಗುಲ, ಕೊನೆಗೆ ಮೂಗು ಗೋಡೆಗೆ ತಾಗಿರಬೇಕು, ತಪ್ಪು ತಿಳ್ಕೋಬೇಡ ಕಣೇ, ಮೈ ತಾಗಿದ್ರೆ ನಂಗೆ ನಿದ್ದೆ ಬರಲ್ಲ. ಸಿಟ್ಟಿಲ್ಲದ ದನಿ. ಸಿಟ್ಟಾದರೂ ಇದ್ದಿದ್ದರೆ. ಮೂರು ತಿಂಗಳು ನೋಡಿದರು, ಆಮೇಲೆ ಊಟ ಮಾಡುತ್ತಾ ಅಂದರು, ಮಂಚಾನ ಎರಡು ಮಾಡಿಸೋಣ, ಒಳ್ಳೇ ಮರ, ಹೊಸದು ಯಾಕೆ, ಒಂದು ನನಗೆ ಹೊರಗಿನ ಕೋಣೇಲಿ ಇರಲಿ. ಮಗಳಿಗೆ ಫೋನು ಮಾಡಿದರೆ ಅವಳೂ ಅದನ್ನೇ, ಅಯ್ಯೋ ಅಮ್ಮಾ, ಈಗ ಎಷ್ಟೋ ಜನ ಹಾಗೇ ಮಲಗ್ತಾರೆ, ಅದೇ ಆರೋಗ್ಯ, ನೀನೊಬ್ಬಳು. ದಪ್ಪಕ್ಕನಂತೂ, ನಾನಾಗಿದ್ರೆ ಕುಣಿದಾಡ್ತಿದ್ದೆ ಕಣೇ, ನಮ್ಮನೆಯವರು ನಿದ್ದೇಲಿ ಫುಟ್‌ಬಾಲ್ ಆಡ್ತಾರೆ, ಚೆಂಡು ನಾನೇ. ಒದೆಯೋದಕ್ಕಾದರೂ ಪಕ್ಕದಲ್ಲಿ ನೀನಿರಬೇಕಲ್ಲ ಅವರಿಗೆ, ಅಂತ ನಾನು ಅನ್ನಲಿಲ್ಲ, ಹಾಸು ಮಡಚಿದೆ.

ಟೀ ಕುಡಿದು ಶುರು ಮಾಡಪ್ಪಾ ಅಂತ ಲೋಟ ತಂದಿಟ್ಟೆ, ಹತ್ತು ನಿಮಿಷ ಸಿಕ್ಕಿತು, ಬಡಗಿ ಊದಿ ಊದಿ ಕುಡಿಯುತ್ತಾನೆ, ಇವರು ಗರಗಸದ ಹಲ್ಲು ಮುಟ್ಟಿ ನೋಡುತ್ತಿದ್ದಾರೆ, ಈಗ ಹೇಳದಿದ್ದರೆ ಇನ್ನು ಯಾವಾಗ, ಅದೊಂದನ್ನು ಹೇಳಿದರೆ ಸಾಕು, ಅದು ಗೊತ್ತಾದರೆ ಇವರು ಕೊಯ್ಯಿಸುವುದಿಲ್ಲ, ಯಾವ ಗಂಡಸೂ ಕೊಯ್ಯಿಸಲಾರ — ರೀ, ಒಂದು ಮಾತು, ಆವಾಗೆಲ್ಲಾ ಬೆಳಿಗ್ಗೆ ನಾನು ಏಳೋಕೆ ಮುಂಚೆ ನಿಮ್ಮ ಕಡೆಗೆ ಬಂದು ಮಲಗಿರ್ತಿದ್ದೆ, ದಿನಾ, ನಿಮಗೆ ಬೆಚ್ಚಗಿರಲಿ ಅಂತ. ಇವರು ತಲೆಯೆತ್ತಿದರು. ಮುಖ ಅರಳಿತು. ಅರಳಿತು ಅಂದುಕೊಂಡೆ. ಓಹೋ, ಅದು ನಿನ್ನ ಕೆಲಸಾನಾ, ಅಲ್ವೇ ಮಾರಾಯ್ತಿ, ಮಷೀನಿನ ಪಕ್ಕ ರಾತ್ರಿಯೆಲ್ಲ ಬೆಂದು ಬರ್ತಿದ್ದೆ, ಮಂಚಕ್ಕೆ ಕೈ ಇಟ್ರೆ ಕಾದ ಕಾವಲಿ, ನಾನು ಚಾಪೆ ಬಿಡಿಸ್ಕೊಂಡು ನೆಲದ ಮೇಲೆ ಬಿದ್ಕೊಳ್ತಿದ್ದೆ, ಸಿಮೆಂಟು ತಣ್ಣಗೆ ಸ್ವರ್ಗ, ಮಗೂನ ಸ್ಕೂಲಿಗೆ ಕಳಿಸಿ ಬಂದು ಮಂಚ ಹತ್ತೋದು, ಅಷ್ಟೊತ್ತಿಗೆ ಆರಿರ್ತಿತ್ತು. ದಿನಾನಾ, ಅಂತ ನಾನು. ದಿನಾ ಕಣೇ. ಬಡಗಿ ನಗುತ್ತಾನೆ, ಟೀ ನೆತ್ತಿಗೇರಿ ಕೆಮ್ಮುತ್ತಾನೆ, ಇವರು ಅವನ ಬೆನ್ನು ತಟ್ಟುತ್ತಾರೆ, ಆರಾಮವಾಗಿ, ಅವನ ಬೆನ್ನನ್ನು. ದಿನಾ. ಚಾಪೆ ಬಾಗಿಲ ಹಿಂದೆ ಇರುತ್ತಿತ್ತು, ಅಂಚು ಸವೆದಿತ್ತು, ಎರಡು ಸಲ ಹೊಸದು ತಂದಿದ್ದೆ, ಯಾಕೆ ಸವೆಯುತ್ತದೆ ಅಂತ ಒಂದು ದಿನವೂ ಯೋಚಿಸಲಿಲ್ಲ. ಜ್ವರ ಬಂದಾಗ, ಬಸುರಿಯಾಗಿದ್ದಾಗ, ಯಾರಿಗೆ ಕಾಯಿಸಿದೆ ನಾನು ಅದನ್ನು, ಗೋಡೆಗೋ, ಹತ್ತಿಗೋ, ನಾನು ಎದ್ದುಹೋದ ಮೇಲೂ ನಾನು ಅಲ್ಲಿ ಉಳಿದಿದ್ದೆ, ಅಷ್ಟೂ ಆರಲಿ ಅಂತ ಕಾದಿದ್ದು ಮಲಗಿದ್ದಾರೆ ಇವರು. ಬಡಗಿ ಲೋಟ ಇಟ್ಟ. ಬಾಯಿ ಇತ್ತು ನನಗೆ, ಈಗ ಅದರೊಳಗೆ ಏನೂ ಇಲ್ಲ.

ಗರಗಸ ತಲೆಪಟ್ಟಿಗೆ ಇಳಿಯಿತು, ಮಂಚ ಗಡಗಡ ಅಲುಗುತ್ತದೆ, ಯಜಮಾನ್ರೇ ಆ ಕಡೆ ಕೂತ್ಕೊಳ್ಳಿ, ಅಮ್ಮಾ ನೀವು ಈ ಕಡೆ, ಭಾರ ಬಿದ್ರೆ ಅಲ್ಲಾಡಲ್ಲ — ಕೂತೆವು, ಇವರು ಗೋಡೆಯ ಕಡೆ, ನಾನು ಬಾಗಿಲ ಕಡೆ, ಬರಿಯ ಹಲಗೆಯ ಮೇಲೆ, ಇಬ್ಬರೂ ಒಟ್ಟಿಗೆ ಈ ಮಂಚದ ಮೇಲೆ ಹಗಲು ಹೊತ್ತು ಹೀಗೆ ಕೂತದ್ದು ಯಾವಾಗ, ಗರಗಸ ನಡುವೆ ಬರುತ್ತದೆ ಹೋಗುತ್ತದೆ, ಪುಡಿ ನನ್ನ ಸೀರೆಯ ಮೇಲೆ, ಇವರ ಪಂಚೆಯ ಮೇಲೆ, ಸಮ ಸಮ. ಗಟ್ಟಿಯಾಗಿ ಕೂತ್ಕೋ ಕಣೇ. ಕೂತಿದ್ದೇನೆ. ಅಲುಗದ ಹಾಗೆ ನಾನೇ ಒತ್ತಿ ಹಿಡಿದಿದ್ದೇನೆ. ಪಟ್ಟಿ ಚಟ್ ಅಂತ ಬಿಟ್ಟುಕೊಂಡಿತು, ಹೊರಗೆ ಪಾಲಿಶಿನ ಕಪ್ಪು, ಎಣ್ಣೆ, ತಲೆ ಒರಗಿದ ಜಿಡ್ಡು, ಒಳಗೆ ತಿಳಿ ಹಳದಿ, ಪ್ಲಾಸ್ಟರು ಬಿಚ್ಚಿದಾಗ ಕಾಣುವ ಚರ್ಮದ ಹಾಗೆ, ಯಾರೂ ಮುಟ್ಟಿಲ್ಲದ್ದು. ನೋಡಿ ಯಜಮಾನ್ರೇ ಎಂಥಾ ಮರ, ಇನ್ನೂ ಎಳೇದರ ಹಾಗಿದೆ. ಹೌದಲ್ಲಪ್ಪಾ. ಮೊದಲನೇ ಹಲಗೆ, ಹಳದಿ, ಎರಡನೆಯದು, ಒಂದೊಂದೇ ಬಾಯಿ ಬಿಡುತ್ತದೆ, ಕಾಲು ಬುಧವಾರ ಹಾಕ್ತೀನಿ ಅಮ್ಮಾ, ಅಲ್ಲಿವರೆಗೆ ಇಟ್ಟಿಗೆ ಕೊಟ್ಟಿರ್ತೀನಿ, ಆಯ್ತಪ್ಪಾ ಅನ್ನುತ್ತೇನೆ, ನನ್ನ ದನಿಯೇ ಅದು, ಐದನೆಯದು, ಆರನೆಯದು, ಇವರು ಏನೋ ಹೇಳುತ್ತಿದ್ದಾರೆ, ಹಾಸಿಗೇನೂ ಎರಡು ಮಾಡಿಸ್ಬೇಕು ಅಂತ ಇರಬೇಕು, ಹ್ಞೂಂ ಅನ್ನುತ್ತೇನೆ, ಮೆಟ್ಟಿಲಲ್ಲಿ ಇವರು ಅನ್ನುತ್ತಿದ್ದ ಹಾಗೆ, ಕಣ್ಣು ಅಲ್ಲೇ, ತಲೆಪಟ್ಟಿಯ ಕೊಯ್ದ ಮುಖದ ಮೇಲೆ, ಅಂಗೈಯಷ್ಟು ಅಗಲ, ಆ ಹಳದಿ, ಇಷ್ಟು ವರ್ಷ ತಲೆಯ ಹತ್ತಿರವೇ ಇದ್ದು ಯಾರೂ ಮುಟ್ಟಿಲ್ಲದ್ದು, ಆ ಹಳದಿ —