ಜುಲೈ ಲೆಕ್ಕ ಹಿಡಿದು ಊರಿಗೆ ಹೊರಟ ಸ್ಲಾವೆಕ್

ಪೋಲೆಂಡಿನಲ್ಲಿ ಸಂಸಾರ ನಡೆಸಲು ತಿಂಗಳಿಗೆ ಎಷ್ಟು ಬೇಕು ಎಂದು ಯಾರಾದರೂ ಕೇಳಿದರೆ ಸ್ಲಾವೆಕ್ ಕೈ ಬೀಸಿ ನಗುತ್ತಿದ್ದ. "ನಮ್ಮೂರಲ್ಲಿ ಏನಿದೆ ಮಹಾ ಖರ್ಚು? ಎರಡು ವಾರ ಇದ್ದು ಬರ್ತೀವಿ, ಮುನ್ನೂರು ಯೂರೋ ಕರಗಲ್ಲ" ಎನ್ನುತ್ತಿದ್ದ.

ಅವನು ಹೇಳುತ್ತಿದ್ದದ್ದು ಸುಳ್ಳಲ್ಲ. ಹನ್ನೊಂದು ವರ್ಷದಿಂದ ಐರ್ಲೆಂಡಿನ ಗೋದಾಮೊಂದರಲ್ಲಿ ದುಡಿಯುತ್ತಿದ್ದ ಅವನು, ಪ್ರತಿ ಜುಲೈನಲ್ಲೂ ಹೆಂಡತಿ ಬೋಗ್ನಾ ಮತ್ತು ಮಗಳು ಮಾಲ್ವಿನಾಳ ಜೊತೆ ಪೋಲೆಂಡಿನ ಸುವಾಲ್ಕಿಗೆ, ತಾಯಿಯ ಮನೆಗೆ ಬರುತ್ತಿದ್ದ. ತಾಯಿ ಸ್ಟೆಫಾನಿಯಾ ಹಿಂದಿನ ದಿನದಿಂದಲೇ ಒಲೆ ಮುಂದೆ ನಿಲ್ಲುತ್ತಿದ್ದಳು. ಮಾಂಸ ತುಂಬಿದ ಆಲೂಗಡ್ಡೆ ಕಡುಬು, ಬೀಟ್ರೂಟ್ ಸಾರು, ಹಿತ್ತಲಿನ ಎಳೆ ಸೌತೆಕಾಯಿ, ಸ್ಟ್ರಾಬೆರಿ. ಕೆರೆಯಲ್ಲಿ ಈಜು, ಸಂಜೆ ಅಂಗಳದಲ್ಲಿ ಊಟ. ಹೊರಡುವಾಗ ಕಾರಿನ ಡಿಕ್ಕಿ ತುಂಬ ಜಾಮು, ಉಪ್ಪಿನಕಾಯಿಯ ಬಾಟಲಿಗಳು. ಹೀಗೆ ಬೇರೆಯವರ ಒಲೆಯಲ್ಲಿ ಬೆಂದದ್ದನ್ನು ಉಂಡು ಅವನು ದೇಶದ ಬೆಲೆ ಅಳೆಯುತ್ತಿದ್ದ.

ಆ ವರ್ಷದ ಜುಲೈನಲ್ಲಿ ಅಂಗಳದ ಮೇಜಿನ ಮುಂದೆ ಕೂತು ಅವನು ಸುದ್ದಿ ಹೇಳಿಯೇಬಿಟ್ಟ.

"ಅಮ್ಮಾ, ಮುಂದಿನ ಜೂನ್‌ಗೆ ನಾವು ಪೂರ್ತಿ ವಾಪಸ್ ಬರ್ತಿದೀವಿ. ಪೀಠೋಪಕರಣದ ಕಾರ್ಖಾನೇಲಿ ಕೆಲಸ ಮಾತಾಡಿದೀನಿ. ತಿಂಗಳಿಗೆ ಕೈಗೆ ಐದು ಸಾವಿರದ ಇನ್ನೂರು ಜ್ಲೋಟಿ. ಕೆರೆ ಪಕ್ಕದ ಜಾಗ ನೋಡಿದೀನಿ, ಒಂದು ಲಕ್ಷದ ಹತ್ತು ಸಾವಿರಕ್ಕೆ ಕೊಡ್ತಾರೆ. ಅಕ್ಟೋಬರ್ ಕೊನೇಲಿ ಬಂದು ಸಹಿ ಹಾಕ್ತೀನಿ."

ಸ್ಟೆಫಾನಿಯಾ ಏಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು ಮಗನ ತಟ್ಟೆಗೆ ಇನ್ನೆರಡು ಕಡುಬು ಹಾಕಿದಳು. ಎದುರಿಗೆ ಕೂತಿದ್ದ ದನುತಾ ಮಾತ್ರ ಚಮಚ ಕೆಳಗಿಟ್ಟಳು. ಅವಳು ಸ್ಟೆಫಾನಿಯಾಳ ಅಕ್ಕನ ಮಗಳು. ನಾಲ್ಕು ವರ್ಷದ ಹಿಂದೆ ಅದೇ ಐರ್ಲೆಂಡಿನಿಂದ ಮರಳಿದವಳು. ಈಗ ಊರಿನ ವಸತಿ ಸಂಘದಲ್ಲಿ ಫ್ಲ್ಯಾಟುಗಳ ತಿಂಗಳ ಶುಲ್ಕ ಕಟ್ಟಿಸಿಕೊಳ್ಳುವ ಕೆಲಸ ಮಾಡುತ್ತಿದ್ದಳು.

"ನಿಮ್ಮ ಹತ್ರ ಒಟ್ಟು ಎಷ್ಟಿದೆ?" ಎಂದು ಕೇಳಿದಳು.

"ಒಂದು ಲಕ್ಷದ ಮೂವತ್ತು ಸಾವಿರ."

"ಅಂದ್ರೆ ಜಾಗ ತಗೊಂಡ ಮೇಲೆ ಇಪ್ಪತ್ತು ಸಾವಿರ. ಅದರಲ್ಲಿ ಸಾಮಾನು ಸಾಗಿಸಬೇಕು, ಮನೆ ಹಿಡೀಬೇಕು, ಜೀವನ ಮಾಡಬೇಕು. ಅಲ್ವೇನೋ?"

"ಸಂಬಳ ಬರುತ್ತಲ್ಲೇ! ಇಲ್ಲಿ ಬ್ರೆಡ್ಡು ಒಂದು ಯೂರೋ ಕೊಟ್ರೆ ಸಿಗುತ್ತೆ. ಅಲ್ಲಿ ಮೂರು ಕೊಡ್ತೀವಿ."

"ಕಾರ್ಖಾನೆಯವರು ನಿನಗೆ ಯೂರೋ ಕೊಡ್ತಾರಾ? ನಾಲ್ಕು ಜ್ಲೋಟಿ ಸೇರಿದ್ರೆ ತಾನೆ ಒಂದು ಯೂರೋ?"

ಬೋಗ್ನಾ ತಲೆ ಎತ್ತಿ ದನುತಾಳನ್ನೇ ನೋಡಿದಳು. ಊರಿಗೆ ಬರುವ ಆಸೆ ಅವಳಿಗೂ ಗಂಡನಷ್ಟೇ ಇತ್ತು. ಆದರೆ ದನುತಾಳ ಮನೆಯ ಕಥೆ ಅವಳಿಗೆ ಗೊತ್ತಿತ್ತು.

ದನುತಾಳೇ ಆ ಮಾತು ತೆಗೆದಳು. "ನೋಡು ಸ್ಲಾವೆಕ್, ನಾವೂ ಹೀಗೇ ಬಂದ್ವಿ. ಇದ್ದ ದುಡ್ಡೆಲ್ಲ ಸುರಿದು ಫ್ಲ್ಯಾಟ್ ತಗೊಂಡ್ವಿ, ಹೊಸ ಅಡುಗೆಮನೆ ಹಾಕಿಸಿದ್ವಿ. ಜನವರಿ ಹೊತ್ತಿಗೆ ಕೈ ಖಾಲಿ. ನನ್ನ ಗಂಡ ಲೆಷೆಕ್ ಏನಂದ ಗೊತ್ತಾ? 'ಆರೇ ಆರು ತಿಂಗಳು ಐರ್ಲೆಂಡಿಗೆ ಹೋಗಿ ದುಡ್ಕೊಂಡ್ ಬರ್ತೀನಿ' ಅಂದ. ಮೂರು ವರ್ಷ ಆಯ್ತು. ನನ್ನ ಮಗನಿಗೆ ಅಪ್ಪ ಅಂದ್ರೆ ಫೋನು. ಕುಟುಂಬ ಒಟ್ಟಿಗೆ ಇರಲಿ ಅಂತ ಊರಿಗೆ ಬಂದವರು ನಾವು. ನಿಮಗೆ ಹಾಗಾಗಬಾರದು."

ಸ್ಲಾವೆಕ್ ತಟ್ಟೆ ಪಕ್ಕಕ್ಕೆ ಸರಿಸಿ, "ಲೆಷೆಕ್‌ಗೆ ಲೆಕ್ಕ ಬರ್ತಿರ್ಲಿಲ್ಲ ಬಿಡು" ಎಂದ.

"ನಿನಗೆ ಬರುತ್ತಾ? ಹಾಗಾದ್ರೆ ಪರೀಕ್ಷೆ ಕೊಡು. ಸಹಿ ಹಾಕೋಕೆ ಅಕ್ಟೋಬರ್ ಕೊನೇಲಿ ಬರ್ತೀಯಲ್ಲ, ಮಗಳಿಗೂ ಆಗ ರಜೆ. ಮೂವರೂ ಬನ್ನಿ. ಆದ್ರೆ ಚಿಕ್ಕಮ್ಮನ ಮನೇಲಿ ಇಳ್ಕೋಬೇಡಿ. ನನ್ನ ಜೊತೆ ಕೆಲಸ ಮಾಡೋಳ ಫ್ಲ್ಯಾಟ್ ಖಾಲಿ ಇದೆ, ಒಂದು ವಾರ ಬಾಡಿಗೆಗೆ ಇರಿ. ಐದು ಸಾವಿರದ ಇನ್ನೂರರಲ್ಲಿ ಬಾಡಿಗೆ ತೆಗಿ, ಸಂಘದ ಶುಲ್ಕ ತೆಗಿ, ಉಳಿದಿದ್ದನ್ನ ನಾಲ್ಕು ಪಾಲು ಮಾಡು. ಒಂದು ಪಾಲಲ್ಲಿ ಒಂದು ವಾರ ಬದುಕಿ ತೋರ್ಸು."

ಸ್ಟೆಫಾನಿಯಾ ಸಿಡಿದೆದ್ದಳು. "ಏನಂದೆ? ನಾನು ಬದುಕಿರುವಾಗ ನನ್ನ ಮಗ ಊರಿಗೆ ಬಂದು ಬಾಡಿಗೆ ಮನೇಲಿ ಇರಬೇಕಾ? ಪಕ್ಕದ ಮನೆಯವರಿಗೆ ನಾನು ಏನಂತ ಹೇಳ್ಲಿ?"

"ಲೆಕ್ಕ ಕಲಿಯೋಕೆ ಹೋಗಿದಾನೆ ಅನ್ನಿ ಚಿಕ್ಕಮ್ಮ."

"ಆಯ್ತು ಬಿಡಿ. ಒಂದು ವಾರ ತಾನೆ? ಕಣ್ಣು ಮುಚ್ಚಿ ಗೆಲ್ತೀನಿ" ಎಂದ ಸ್ಲಾವೆಕ್.

ಅಕ್ಟೋಬರ್ ಕೊನೆಯ ಶನಿವಾರ ಮೂವರೂ ವಿಮಾನ ಇಳಿದು ಬಸ್ಸು ಹಿಡಿದು ಬಂದರು. ಜುಲೈನಲ್ಲಿ ನಗುತ್ತಿದ್ದ ಊರು ಈಗ ಗಂಟು ಮುಖ ಹಾಕಿಕೊಂಡಿತ್ತು. ಮೂರೂವರೆಗೆಲ್ಲ ಸಂಜೆಯ ಬೆಳಕು ಇಳಿಯುತ್ತಿತ್ತು. ಬೀದಿ ತುಂಬ ಕಲ್ಲಿದ್ದಲ ಹೊಗೆಯ ವಾಸನೆ. ಬಾಡಿಗೆಗೆ ಸಾವಿರದ ಒಂಬೈನೂರು, ಶುಲ್ಕಕ್ಕೆ ಏಳುನೂರ ಐವತ್ತು ತೆಗೆದು ಉಳಿದದ್ದನ್ನು ಪಾಲು ಮಾಡಿದಾಗ ವಾರಕ್ಕೆ ಆರುನೂರ ನಲವತ್ತು ಜ್ಲೋಟಿ ಸಿಕ್ಕಿತು. ಬೋಗ್ನಾ ಅದನ್ನು ಲಕೋಟೆಯಲ್ಲಿ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟಳು.

ಅಂಗಡಿಗೆ ಹೋದ ಸ್ಲಾವೆಕನ ಕೈಗೆ ತಡೆಯೇ ಇರಲಿಲ್ಲ. ಹೊಗೆಯಲ್ಲಿ ಬೇಯಿಸಿದ ಮೀನು, ಮೂರು ಬಗೆಯ ಸಾಸೇಜು, ಗಸಗಸೆ ಕೇಕು, ಒಳ್ಳೆಯ ಚೀಸು. ಬೋಗ್ನಾ ಅಳುಕಿದಾಗಲೆಲ್ಲ, "ಐವತ್ತು ಜ್ಲೋಟಿ ಕಣೆ, ಹನ್ನೆರಡು ಯೂರೋ ಅಷ್ಟೆ!" ಎಂದು ಬುಟ್ಟಿಗೆ ಹಾಕುತ್ತಿದ್ದ. ಬಿಲ್ಲು ಮುನ್ನೂರ ಹತ್ತು ಬಂತು.

ಸೋಮವಾರ ಸ್ಮಶಾನದ ಕೆಲಸ. ಸರ್ವಸಂತರ ಹಬ್ಬಕ್ಕೆ ಮುಂಚೆ ಸಮಾಧಿಗಳನ್ನು ತೊಳೆದು, ಸೇವಂತಿಗೆ ಕುಂಡ ಇಟ್ಟು, ದೀಪ ಹಚ್ಚಬೇಕು. ಅಪ್ಪ, ಅಜ್ಜ, ಅಜ್ಜಿ, ಬೋಗ್ನಾಳ ಕಡೆಯವರು ಎಂದು ಎಲ್ಲ ಸೇರಿ ಏಳು ಸಮಾಧಿ. ಇಷ್ಟು ವರ್ಷ ಸ್ಟೆಫಾನಿಯಾ ಒಬ್ಬಳೇ ಅದನ್ನು ಮಾಡುತ್ತಿದ್ದಳು, ಮಗ ಫೋನಿನಲ್ಲಿ ಚಿತ್ರ ನೋಡಿ 'ಚೆನ್ನಾಗಿದೆ' ಎನ್ನುತ್ತಿದ್ದ. ಏಳು ಕುಂಡ, ಏಳು ದೀಪಕ್ಕೆ ಇನ್ನೂರ ನಲವತ್ತೈದಾಯಿತು.

"ಸತ್ತವರ ಹತ್ರ ಚೌಕಾಸಿ ಮಾಡೋಕಾಗುತ್ತಾ?" ಎಂದು ಅವನು ಸಪ್ಪಗೆ ನಕ್ಕ. ಲಕೋಟೆಯಲ್ಲಿ ಎಂಬತ್ತೈದು ಉಳಿದಿತ್ತು.

ಮಂಗಳವಾರ ಬೆಳಿಗ್ಗೆ ನೆಲವೆಲ್ಲ ಬೆಳ್ಳಗೆ ಹಿಮಗಟ್ಟಿತು. ಮಾಲ್ವಿನಾ ಐರ್ಲೆಂಡಿನ ಮಳೆಗೆಂದು ಕೊಂಡ ತೆಳು ಬೂಟಿನಲ್ಲಿ ಹೊರಗೆ ಹೋಗಿ ಹತ್ತೇ ನಿಮಿಷಕ್ಕೆ ಅಳುತ್ತ ಬಂದಳು.

"ಅಪ್ಪಾ, ಕಾಲ್ಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ."

ಉಣ್ಣೆ ಒಳಪದರದ ಬೂಟಿಗೆ ನೂರ ತೊಂಬತ್ತು. ಸ್ಲಾವೆಕ್ ಲಕೋಟೆ ನೋಡಿದ, ಮಗಳ ಕೆಂಪಾದ ಪಾದ ನೋಡಿದ, ಜೇಬಿನಿಂದ ಐರ್ಲೆಂಡಿನ ಬ್ಯಾಂಕ್ ಕಾರ್ಡು ತೆಗೆದು ಬೂಟು ಕೊಂಡ. ಬೂಟು ಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮುಂದಿನ ವರ್ಷ ಆ ಕಾರ್ಡಿಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅಂಗಡಿಯಲ್ಲೇ ಅವನ ಎದೆಗೆ ನಾಟಿತು.

ಅಂದು ಮಧ್ಯಾಹ್ನ ಸ್ಟೆಫಾನಿಯಾ ಕೋಟಿನೊಳಗೆ ಪಾತ್ರೆ ಬಚ್ಚಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ಹಿಂದೆಯೇ ದನುತಾ ಬಂದು ಪಾತ್ರೆ ಸಮೇತ ಹಿಡಿದಳು.

"ಏನಿದು ಚಿಕ್ಕಮ್ಮ?"

"ಏನಿಲ್ಲ, ಬರೀ ಕೋಸಿನ ಪಲ್ಯ. ಮಗು ಸೊರಗಿದೆ."

"ಮೂರು ದಿನಕ್ಕೆ ಸೊರಗಿತಾ? ನೀವು ಹೀಗೆ ಮುಚ್ಚಿಟ್ಟು ಉಣಿಸಿ ಉಣಿಸಿಯೇ ಇವನಿಗೆ ಅಂಗಡಿ ಬೆಲೆ ಗೊತ್ತಾಗದೆ ಹೋಗಿದ್ದು. ನಿಮ್ಮ ಪಿಂಚಣೀಲಿ ಎಷ್ಟು ಉಳಿಯುತ್ತೆ, ಚಳಿಗಾಲದ ಕಲ್ಲಿದ್ದಲಿಗೆ ಎಷ್ಟು ಕೊಟ್ರಿ, ಇವನಿಗೆ ಒಂದು ಸಲ ಹೇಳಿ."

ಸ್ಟೆಫಾನಿಯಾ ಮೊದಲು ಬೇಡವೆಂದಳು, ಆಮೇಲೆ ಹೇಳಿದಳು. ಪ್ರತಿ ಆಗಸ್ಟಿನಲ್ಲಿ, ಮಗನ ಕಾರು ಬೀದಿ ತಿರುಗಿದ ಮರುವಾರವೇ, ಕೂಡಿಟ್ಟದ್ದನ್ನೆಲ್ಲ ಕೊಟ್ಟು ಅವಳು ಕಲ್ಲಿದ್ದಲು ಹಾಕಿಸುತ್ತಿದ್ದಳು. ಮಗ ಬಂದ ಎರಡು ವಾರದ ಸಂಭ್ರಮಕ್ಕೆ ವಸಂತದಿಂದಲೇ ತನ್ನ ಊಟದಲ್ಲಿ ಉಳಿಸುತ್ತಿದ್ದಳು. ಸ್ಲಾವೆಕನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಅಮ್ಮಾ, ಒಂದು ಮಾತು ಹೇಳಬಾರದಿತ್ತಾ?"

"ವರ್ಷಕ್ಕೊಂದ್ಸಲ ಬರೋ ಮಗನ ಹತ್ರ ಕಲ್ಲಿದ್ದಲು ಮಾತಾಡ್ತಾರೇನೋ?"

ದನುತಾ ಕೋಸಿನ ಪಲ್ಯ ಬಿಸಿ ಮಾಡಿ ಎಲ್ಲರಿಗೂ ಬಡಿಸಿದಳು. ಊಟವಾದ ಮೇಲೆ ಮಾಲ್ವಿನಾಳ ಚಿತ್ರದ ಪುಸ್ತಕದಿಂದ ದೊಡ್ಡ ಹಾಳೆ ಹರಿದು ಹನ್ನೆರಡು ಚೌಕ ಗೀಚಿದಳು. "ಒಂದು ತಿಂಗಳ ಲೆಕ್ಕ ಯಾರು ಬೇಕಾದ್ರೂ ಹಾಕ್ತಾರೆ. ವರ್ಷದ್ದು ಹಾಕು. ನವೆಂಬರಲ್ಲಿ ಸಮಾಧಿ, ಕೋಟು, ಬೂಟು. ಡಿಸೆಂಬರಲ್ಲಿ ಕ್ರಿಸ್‌ಮಸ್. ಕಾರಿನ ವಿಮೆ ಯಾವಾಗ?"

"ಕಾರು ಅಲ್ಲಿಂದಲೇ ತರ್ತೀವಲ್ಲ."

"ಬಲಗಡೆ ಸ್ಟೀರಿಂಗ್ ಇರೋ ಕಾರು! ಇಲ್ಲಿ ಎಲ್ಲರದ್ದೂ ಎಡಗಡೆ. ದೀಪ ಬದಲಾಯಿಸು, ನೋಂದಣಿ ಮಾಡ್ಸು, ಆಮೇಲೆ ವಿಮೆಯವರ ಬಾಗಿಲು ತಟ್ಟು. ಅಲ್ಲೇ ಮಾರಿ ಬಾರೋ ಮಾರಾಯ. ಸರಿ, ಮೇ ತಿಂಗಳಲ್ಲಿ ಏನಿದೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಬೋಗ್ನಾ ಹಣೆಗೆ ಕೈ ಹಚ್ಚಿದಳು. "ಅಯ್ಯೋ, ಇಗರ್ಜೀಲಿ ಮಾಲ್ವಿನಾಳ ಮೊದಲ ಪರಮಪ್ರಸಾದ! ಬಂದ ವರ್ಷವೇ ಬರುತ್ತೆ."

"ಬಿಳಿ ಉಡುಪು, ಇಗರ್ಜಿ, ನಲವತ್ತು ಜನಕ್ಕೆ ಹೋಟೆಲಲ್ಲಿ ಊಟ" ಎಂದು ಸ್ಟೆಫಾನಿಯಾ ಬೆರಳು ಮಡಚಿದಳು.

"ನಲವತ್ತಾ? ಹದಿನೈದು ಜನ, ನಿಮ್ಮ ಅಂಗಳ, ನಿಮ್ಮ ಕಡುಬು. ಸಾಮಾನಿನ ದುಡ್ಡು ಮಾತ್ರ ನಾವು ಕೊಡ್ತೀವಿ" ಎಂದಳು ಬೋಗ್ನಾ. ಅತ್ತೆ ಗೊಣಗಿದಳು. ಆದರೆ ಅಡುಗೆ ತನ್ನ ಕೈಯಲ್ಲೇ ಉಳಿಯಿತೆಂದು ಒಳಗೊಳಗೆ ಖುಷಿಯಾಗಿದ್ದು ಎಲ್ಲರಿಗೂ ಕಂಡಿತು.

ಎಲ್ಲ ಕೂಡಿಸಿ ಹನ್ನೆರಡರಿಂದ ಭಾಗಿಸಿದಾಗ ತಿಂಗಳಿಗೆ ಆರು ಸಾವಿರದ ಐನೂರು ಬಂತು. ಸಂಬಳ ಐದು ಸಾವಿರದ ಇನ್ನೂರು. ಬೋಗ್ನಾಳಿಗೆ ಕೆಲಸ ಸಿಗುವವರೆಗೆ, ಮಗುವಿನ ಸರ್ಕಾರಿ ಭತ್ಯೆ ಕೈಗೆ ಬರುವವರೆಗೆ ಪ್ರತಿ ತಿಂಗಳೂ ಸಾವಿರದ ಮುನ್ನೂರು ಕಡಿಮೆ ಬೀಳುತ್ತಿತ್ತು.

ಸ್ಲಾವೆಕ್ ಪೆನ್ನು ಎಸೆದ. "ಹಾಗಾದ್ರೆ ಬರೋದೇ ಬೇಡ ಅಂತೀಯಾ?"

"ಯಾರಂದ್ರು? ಧಾರಾಳವಾಗಿ ಬನ್ನಿ! ನಿಮ್ಮ ಹತ್ರ ದುಡ್ಡಿದೆ, ಕೈಯಲ್ಲಿ ಕಸುಬಿದೆ. ಆರು ತಿಂಗಳ ಖರ್ಚು ಮೂವತ್ತೊಂಬತ್ತು ಸಾವಿರ ಬೇರೆ ಖಾತೇಲಿ ಇಡಿ. ಅದು ಇಲ್ಲವೇ ಇಲ್ಲ ಅಂದ್ಕೊಂಡು ಬದುಕಿ. ಎರಡು ಚಳಿಗಾಲ ದಾಟಿದ ಮೇಲೆ ಜಾಗ ನೋಡಿ."

ಅದನ್ನು ತೆಗೆದಿಟ್ಟರೆ ಕೆರೆ ಪಕ್ಕದ ಜಾಗಕ್ಕೆ ದುಡ್ಡು ಸಾಲದು. ಹನ್ನೊಂದು ವರ್ಷ ಗೋದಾಮಿನ ಚಳಿಯಲ್ಲಿ ನಿಂತು ಸ್ಲಾವೆಕ್ ಕನಸು ಕಂಡ ಜಾಗ ಅದು. ಮರದ ಮನೆ ಎಲ್ಲಿ, ದೋಣಿ ಕಟ್ಟುವ ಗೂಟ ಎಲ್ಲಿ ಎಂದು ಮನಸ್ಸಿನಲ್ಲೇ ಗೆರೆ ಎಳೆದಿಟ್ಟಿದ್ದ. ಅವನು ಕಿಟಕಿಯ ಹತ್ತಿರ ಹೋದ. ಕೆಳಗೆ ಮಾಲ್ವಿನಾ ಹೊಸ ಬೂಟು ಹಾಕಿಕೊಂಡು ದನುತಾಳ ಮಗನ ಜೊತೆ ಹಿಮ ತುಳಿಯುತ್ತಿದ್ದಳು. ಆ ಹುಡುಗ ಕಟ್ಟೆಯ ಮೇಲೆ ಫೋನು ನಿಲ್ಲಿಸಿ, ದೂರದಲ್ಲಿದ್ದ ತಂದೆಗೆ ತನ್ನ ಜಾರಾಟ ತೋರಿಸುತ್ತಿದ್ದ. ಸ್ಲಾವೆಕ್ ತನ್ನ ಫೋನು ತೆಗೆದು ಜಾಗದ ಒಡೆಯನಿಗೆ ಕರೆ ಮಾಡಿದ.

"ಶುಕ್ರವಾರ ಸಹಿಗೆ ಬರಲ್ಲ ಸರ್. ಬೇರೆಯವರಿಗೆ ಕೊಡೋದಾದ್ರೆ ಕೊಟ್ಬಿಡಿ."

ಒಡೆಯ ಎರಡೇ ವಾರದಲ್ಲಿ ಬೇರೆಯವರಿಗೆ ಕೊಟ್ಟುಬಿಟ್ಟ. ಸ್ಲಾವೆಕನಿಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮುಂದಿನ ಜೂನ್‌ನಲ್ಲಿ ಕಾರು ಮಾರಿ ಮೂವರೂ ಊರಿಗೆ ಬಂದರು. ಹಾಳೆಯ ಚೌಕಗಳನ್ನು ತಿಂಗಳು ತಿಂಗಳು ತುಂಬಿದರು. ಕೆಲವು ತಿಂಗಳು ತಪ್ಪಿತು, ಕೆಲವು ತಿಂಗಳು ಉಳಿಯಿತು. ಡಿಸೆಂಬರಿನಲ್ಲಿ ಬೋಗ್ನಾಳಿಗೆ ವೃದ್ಧರ ಆರೈಕೆಯ ಅರ್ಧ ದಿನದ ಕೆಲಸ ಸಿಕ್ಕಿತು. ಜನವರಿಯಲ್ಲಿ ಕಾರ್ಖಾನೆಗೆ ಬೇಡಿಕೆ ಕಡಿಮೆಯಾಗಿ ಹೊಸಬರನ್ನೆಲ್ಲ ಸಂಬಳವಿಲ್ಲದೆ ಮೂರು ತಿಂಗಳು ಮನೆಗೆ ಕಳಿಸಿದರು. ಅದೇ ವಾರ ಐರ್ಲೆಂಡಿನಿಂದ ಹಳೆಯ ಮೇಲ್ವಿಚಾರಕ ಫೋನು ಮಾಡಿ ಮತ್ತೆ ಕೆಲಸಕ್ಕೆ ಕರೆದ. ಬೇರೆ ಕುಟುಂಬವಾಗಿದ್ದರೆ ಆ ಸಂಜೆಯೇ ಸೂಟ್‌ಕೇಸು ಹೊರಗೆ ಬರುತ್ತಿತ್ತು.

ಬೋಗ್ನಾ ಗಂಡನ ಮುಖ ನೋಡುತ್ತಿದ್ದಳು.

"ಬರಲ್ಲ ಸರ್," ಎಂದ ಸ್ಲಾವೆಕ್, "ಮೂರು ತಿಂಗಳ ಖರ್ಚು ನನ್ನ ಹತ್ರ ಇದೆ. ಮಗಳಿಗೆ ಹಿಮದಲ್ಲಿ ಜಾರುಬಂಡಿ ಓಡಿಸೋದು ಕಲಿಸ್ತೀನಿ ಅಂತ ಮಾತು ಕೊಟ್ಟಿದೀನಿ."

ಏಪ್ರಿಲಿನಲ್ಲಿ ಕಾರ್ಖಾನೆ ಮತ್ತೆ ಕರೆಯಿತು. ಆ ಮೂರು ತಿಂಗಳೂ ರಾತ್ರಿ ಊಟಕ್ಕೆ ಆ ಮನೆಯಲ್ಲಿ ಮೂವರೂ ಕೂತಿದ್ದರು.

ದೂರದ ದೇಶದಲ್ಲಿ ದುಡಿಯುತ್ತ ಊರಿನ ಕನಸು ಕಾಣುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಯಾವ ಊರಿನವರೇ ಆಗಿರಿ, ನಿಮಗೂ ಇದೇ ಮಾತು. ರಜೆಯಲ್ಲಿ ತಾಯಿ ಬಡಿಸಿದ ಊಟ ನೋಡಿ ಊರಿನ ಖರ್ಚು ಅಂದಾಜು ಮಾಡಬೇಡಿ. ಹೊರಡುವ ಮುಂಚೆ ಒಮ್ಮೆ ಕಷ್ಟದ ಕಾಲದಲ್ಲಿ ಹೋಗಿ, ಬಾಡಿಗೆ ಮನೆ ಹಿಡಿದು, ಅಲ್ಲಿ ಸಿಗಲಿರುವ ಸಂಬಳದಲ್ಲಿ ಒಂದು ವಾರ ಬದುಕಿ ನೋಡಿ. ಇಲ್ಲಿ ಬರೆದ ಬೆಲೆಗಳು ಸ್ಲಾವೆಕನವು. ನಿಮ್ಮ ಊರಿನ ಬೆಲೆ ನೀವೇ ಕೇಳಿ ಬರೆದುಕೊಳ್ಳಿ, ಹಬ್ಬ, ಚಳಿ, ಶಾಲೆ ಸೇರಿಸಿ ಇಡೀ ವರ್ಷದ್ದು ಬರೆಯಿರಿ. ಜಾಗ, ಮನೆ, ಕಾರು ಎನ್ನುವ ಮುಂಚೆ ಆರು ತಿಂಗಳ ಅನ್ನ ತೆಗೆದಿಡಿ. ಆಮೇಲೆ ಧೈರ್ಯವಾಗಿ ಹೊರಡಿ. ಎಲ್ಲರೂ ಒಟ್ಟಿಗೆ ಹೋಗಿ, ಒಟ್ಟಿಗೇ ಉಳಿಯಿರಿ.