ಓಡೀಲ ಕೊಟ್ಟ ಉದ್ದ ಲೆನ್ಸು

ಆ ಲೆನ್ಸಿಗೆ ಬಿಷಪ್ ಎಂದು ಹೆಸರಿಟ್ಟವಳು ರೈನ್‌ಹಿಲ್ಡಳೇ. ಬಿಳಿಯ ಮೈ, ಹೆಗಲು ಕೀಳುವ ತೂಕ, ಅದು ಬರುತ್ತಿದೆಯೆಂದರೆ ಗುಂಪಿನಲ್ಲಿ ಜನ ತಾವಾಗಿಯೇ ದಾರಿ ಬಿಡುತ್ತಿದ್ದರು. ಒಬ್ಬರ ಕೈಯಲ್ಲಿ ಕೊಳ್ಳಲಾಗದ ವಸ್ತು, ಅವಳೂ ಅದೇ ಪತ್ರಿಕೆಯ ಇನ್ನೊಬ್ಬ ಫೋಟೊಗ್ರಾಫರ್ ಓಡೀಲನೂ ಸಮಪಾಲು ಹಾಕಿ ತಂದದ್ದು. ಒಂದು ವಾರ ಅವಳ ಸರದಿ, ಇನ್ನೊಂದು ವಾರ ಅವನದು. ಬಿಷಪ್ ಸಿಕ್ಕವರು ಪಂದ್ಯ ಮುಗಿಯುವ ಗೆರೆಯ ಎದುರು ಒಂಟಿಕಾಲಿನ ಕೋಲಿಗೆ ಅದನ್ನು ಏರಿಸಿ ನಿಲ್ಲಬೇಕು. ಸಿಗದವರು ಗಿಡ್ಡ ಲೆನ್ಸು ಹಾಕಿಕೊಂಡು ಕೆಸರು ತುಳಿಯುತ್ತ ಅಲೆಯಬೇಕು. ಚಿತ್ರ ಯಾರು ತೆಗೆದರೂ ಪತ್ರಿಕೆಗೆ ಇಬ್ಬರ ಹೆಸರಿನಲ್ಲೇ ಹೋಗಬೇಕು. ಇದಕ್ಕೆ ಕಾಗದ ಪತ್ರ ಏನೂ ಇರಲಿಲ್ಲ. ಒಂದು ಭಾನುವಾರ ಆಲೂಗೆಡ್ಡೆ ಕರಿಯುವವನ ಗಾಡಿಯ ಮುಂದೆ ನಿಂತು, ಬೆರಳಿನ ಉಪ್ಪು ನೆಕ್ಕುತ್ತ ಆಡಿದ ಮಾತು ಅದು. ಫ್ಲಾಂಡರ್ಸಿನ ಚಳಿಗಾಲದ ಕೆಸರು ಸೈಕಲ್ ಪಂದ್ಯಗಳಲ್ಲಿ ಅವರನ್ನು ಗಂಡ ಹೆಂಡತಿ ಎಂದುಕೊಂಡವರೇ ಹೆಚ್ಚು. ಗಂಡ ಹೆಂಡತಿಯಾಗಿದ್ದರೆ ಇಷ್ಟು ವರ್ಷ ಒಂದೇ ಲೆನ್ಸನ್ನು ಜಗಳವಿಲ್ಲದೆ ಹಂಚಿಕೊಳ್ಳುತ್ತಿದ್ದರೇ?

ಆ ಡಿಸೆಂಬರಿನಲ್ಲಿ ಪತ್ರಿಕೆಯ ಚಿತ್ರ ವಿಭಾಗದ ಮುಖ್ಯಸ್ಥೆ ಲಿಯೊಂಟೀನ್ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿಬಿಟ್ಟಳು. ಹೊಸ ವರ್ಷದಿಂದ ಕ್ರೀಡೆಗೆ ಒಬ್ಬರೇ ಸಾಕಂತೆ. ಯಾರು ಎಂಬುದನ್ನು ಲಿಂಡೆಕೆರ್ಕೆಯ ಪಂದ್ಯ ಮುಗಿದ ಮೇಲೆ ತಿಳಿಸುತ್ತಾಳಂತೆ. ಹೊರಗೆ ಬಂದಾಗ ಮೊದಲು ಬಾಯಿ ಬಿಟ್ಟವನು ಓಡೀಲ.

"ಎರಡು ಹೆಸರು ಹಾಕ್ತಾನೇ ಇರೋಣ ಕಣೇ. ಯಾವುದು ಯಾರದು ಅಂತ ಗೊತ್ತಾದ್ರೆ ತಾನೇ ಅವಳು ಆರಿಸೋದು? ಇಟ್ಕೊಂಡ್ರೆ ಇಬ್ಬರನ್ನೂ ಅರ್ಧರ್ಧ ಇಟ್ಕೋಬೇಕು. ಬಿಟ್ರೆ ಇಬ್ಬರನ್ನೂ ಬಿಡಬೇಕು."

"ಬಿಟ್ಟೇಬಿಟ್ರೆ?"

"ಮದುವೆ ಫೋಟೊ ತೆಗೆಯೋಣ. ಹೆಣ್ಣಿನ ಕಡೆಯೋರು ಅಳೋದು ನಿನಗೆ, ಗಂಡಿನ ಕಡೆಯೋರು ತಿನ್ನೋದು ನನಗೆ."

ರೈನ್‌ಹಿಲ್ಡ ನಕ್ಕಳು. ಐವತ್ತು ದಾಟಿದ ಮೇಲೆ ಕಂಡವರ ಬಾಗಿಲಿಗೆ ಹೋಗಿ ಕೆಲಸ ಕೇಳುವುದನ್ನು ನೆನೆದು ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಅವನ ಮಾತಿನಿಂದ ಆ ಭಯ ಅರ್ಧಕ್ಕೆ ಇಳಿಯಿತು.

ಲಿಂಡೆಕೆರ್ಕೆಯಲ್ಲಿ ಆ ವರ್ಷ ಎಂದೂ ಇಲ್ಲದ ಜನ. ಊರಿನವನೇ ಆದ ಲೆನ್ನರ್ಟನ ಕೊನೆಯ ಪಂದ್ಯ ಅದು. ಅವನು ಗೆದ್ದದ್ದು ಕಡಿಮೆ, ಬಿದ್ದು ಎದ್ದದ್ದು ಹೆಚ್ಚು. ಅದಕ್ಕೇ ಜನರಿಗೆ ಅವನ ಮೇಲೆ ಜೀವ. ಅವನಪ್ಪ ಫಿರ್ಮಿನ್, ಮಗ ಪಂದ್ಯಕ್ಕೆ ಇಳಿದ ದಿನದಿಂದಲೂ ಪಿಟ್‌ನಲ್ಲಿ ಸೈಕಲ್ ತೊಳೆಯುತ್ತ ಬಂದವನು. ಸವಾರರು ಕೆಸರು ಮೆತ್ತಿದ ಸೈಕಲ್ಲನ್ನು ಬೇಲಿಯೊಳಗಿನ ಆ ಜಾಗದಲ್ಲಿ ಎಸೆದು, ತೊಳೆದಿಟ್ಟ ಇನ್ನೊಂದನ್ನು ಹತ್ತಿ ಹೋಗುತ್ತಾರೆ. ಪಿಟ್ ಯಾವಾಗಲೂ ಗೆರೆಯಿಂದ ದೂರ. ಹಾಗಾಗಿ ಮಗ ಗೆರೆ ದಾಟಿದ್ದನ್ನು ಫಿರ್ಮಿನ್ ಒಂದು ಸಲವೂ ಕಂಡವನಲ್ಲ. ಪಂದ್ಯ ಮುಗಿದಾಗಲೆಲ್ಲ ನೀರಿನ ಕೊಳವೆ ಹಿಡಿದುಕೊಂಡೇ ಎದುರು ಸಿಕ್ಕವರನ್ನು "ಯಾರು ಗೆದ್ರು?" ಎಂದು ಕೇಳುತ್ತಿದ್ದ. ಅದೊಂದು ಊರಿಗೆಲ್ಲ ಗೊತ್ತಿದ್ದ ತಮಾಷೆ.

ಆ ವಾರ ಬಿಷಪ್ ಓಡೀಲನ ಪಾಲಿಗೆ ಬಂದಿತ್ತು. ಕಾರು ನಿಲ್ಲಿಸಿದ ಹೊಲದಲ್ಲಿ ಅವನು ಡಿಕ್ಕಿ ತೆಗೆದು, ಅದನ್ನು ಎರಡೂ ಕೈಯಲ್ಲಿ ಎತ್ತಿ ಅವಳ ಮುಂದೆ ಹಿಡಿದ.

"ಇವತ್ತು ನೀನೇ ತಗೋ."

"ಸರದಿ ನಿಂದಲ್ವೇನೋ?"

"ಲೆನ್ನರ್ಟ್ ಕೊನೇ ಸಲ ಗೆರೆ ದಾಟ್ತಾನೆ. ಆ ಮುಖ ಹಿಡಿಯೋಕೆ ನಿನ್ನ ಕೈನೇ ಆಗಬೇಕು. ನಾನು ಮರಳುದಿಬ್ಬದ ಹತ್ರ ಇರ್ತೀನಿ."

ಅವಳು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು. ಕೆಲಸ ಇರುತ್ತದೋ ಹೋಗುತ್ತದೋ ತಿಳಿಯದ ದಿನ ಇಂಥದ್ದನ್ನು ಬಿಟ್ಟುಕೊಡಲು ಎಷ್ಟು ಜನಕ್ಕೆ ಮನಸ್ಸು ಬರುತ್ತದೆ? ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಆದರೆ ಬಿಳಿ ಲೆನ್ಸನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು ನಿಂತವಳಿಗೆ ಗಾದೆ ಎಲ್ಲಿಂದ ನೆನಪಾಗಬೇಕು.

"ನಂದು ಗಿಡ್ಡದು ರಿಪೇರಿಗೆ ಹೋಗಿದೆ, ಹೋದ ವಾರ ನೀರು ನುಗ್ತಲ್ಲ," ಎಂದ ಓಡೀಲ. "ನಿಂದೊಂದು ಕೊಡೇ."

ಅವಳು ಚೀಲ ಬಿಚ್ಚಿದಳು. "ಜೂಮ್ ತಗೋ. ಮರಳಲ್ಲಿ ಅವರು ಹತ್ರ ಬಂದ್ರೂ ಆಗುತ್ತೆ, ದೂರ ಹೋದ್ರೂ ಆಗುತ್ತೆ."

"ಬೇಡ, ಆ ಸಣ್ಣದು ಕೊಡು. ಮೂವತ್ತೈದು ಎಂಎಂದು."

"ಬಯಲಲ್ಲಿ ಅದು ಯಾಕೋ? ಕತ್ತಲೆ ಜಾಗದಲ್ಲಿ, ಮೂಗಿನ ಮುಂದೆ ಇರೋರನ್ನ ತೆಗೆಯೋಕೆ ಅಲ್ವಾ ಅದಿರೋದು?"

"ಕೊನೇ ಸುತ್ತಿಗೆ ಹೊತ್ತು ಇಳಿದಿರುತ್ತೆ, ಬೆಳಕು ಸಾಲಲ್ಲ. ಕೊಡೇ, ತಿಂದ್ಹಾಕಲ್ಲ."

ಆ ಪುಟ್ಟ ಲೆನ್ಸು ಅವಳಿಗೆ ಎಲ್ಲಕ್ಕಿಂತ ಪ್ರೀತಿಯದು. ಅದರ ಗಾಜಿನ ಅಂಚಿನಲ್ಲಿ ನುಚ್ಚಿನಷ್ಟು ಚಕ್ಕೆ ಎದ್ದುಹೋಗಿತ್ತು. ಬಿಸಿಲು ಎದುರಿಗಿದ್ದರೆ ಚಿತ್ರದ ಎಡಮೂಲೆಯಲ್ಲಿ ಮಂಜಿನಂಥ ಒಂದು ಚುಕ್ಕಿ ಬೀಳುತ್ತಿತ್ತು. "ಎಡಮೂಲೆ ನೋಡ್ಕೋ," ಎನ್ನುತ್ತ ಅವಳು ಗಾಜನ್ನು ತಾನೇ ಒರೆಸಿ, ತಾನೇ ಅವನ ಕ್ಯಾಮೆರಾಗೆ ತಿರುಗಿಸಿ ಕೂರಿಸಿದಳು.

ಗೆರೆಯ ಎದುರು ಒಳ್ಳೆಯ ಜಾಗವೇ ಸಿಕ್ಕಿತು. ಬಿಷಪ್‌ನ ಗುಣ ಬಲ್ಲವರು ಅದರ ಐಬನ್ನೂ ಬಲ್ಲರು. ಬೀದಿಯ ಆ ತುದಿಯಲ್ಲಿ ಬರುವವನ ರೆಪ್ಪೆಗೆ ಅಂಟಿದ ಕೆಸರು ಅದರಲ್ಲಿ ಕಾಣುತ್ತದೆ, ಪಕ್ಕದಲ್ಲಿ ನಿಂತವನು ಕಾಣುವುದಿಲ್ಲ. ಅದನ್ನು ಹೊತ್ತು ಓಡಾಡುವ ಹಾಗೂ ಇಲ್ಲ, ನೆಟ್ಟಲ್ಲೇ ನಿಲ್ಲಬೇಕು. ರೈನ್‌ಹಿಲ್ಡ ಲೆನ್ಸಿನ ಬಾಯನ್ನು ಪೂರ್ತಿ ತೆರೆದಳು. ಹಾರುವ ಕೆಸರಿನ ಹನಿಯೂ ನಿಂತುಬಿಡುವಷ್ಟು ವೇಗ ಇಟ್ಟಳು. ಮೊದಲು ಬಂದವನು ಒಬ್ಬ ಡಚ್ ಹುಡುಗ. ಎರಡು ಕೈ ಮೇಲೆತ್ತಿ, ಬಾಯಿ ತುಂಬ ಕೆಸರಿಟ್ಟುಕೊಂಡು ನಗುತ್ತಿದ್ದ ಅವನ ಚಿತ್ರ ಚೂರೂ ಅಲುಗದೆ ಬಂತು. ಅದನ್ನು ಆಗಲೇ ಲಿಯೊಂಟೀನ್‌ಗೆ ಕಳಿಸಿದಳು, ಎಂದಿನಂತೆ ಇಬ್ಬರ ಹೆಸರು ಹಾಕಿ. ಆಮೇಲೆ ಲೆನ್ನರ್ಟನಿಗೆ ಕಾದಳು.

ಒಬ್ಬೊಬ್ಬರೇ ಬಂದರು. ಲೆನ್ನರ್ಟನ ಹಿಂದೆ ಇದ್ದವರೂ ಬಂದು ದಾಟಿ ಹೋದರು. ಅವನು ಬರಲಿಲ್ಲ. ಬಿಷಪ್‌ನ ಕಣ್ಣಿನಲ್ಲಿ ಖಾಲಿ ದಾರಿಯೊಂದೇ ಕಾಣುತ್ತಿತ್ತು. ಅಷ್ಟರಲ್ಲಿ ಎತ್ತರದ ಮರಗಳ ಸಾಲಿನ ಆಚೆಯಿಂದ ಜನ ಹೋ ಎಂದದ್ದು ಕೇಳಿಸಿತು. ಧ್ವನಿವರ್ಧಕದಲ್ಲಿ ಮಾತಾಡುವವನ ದನಿ ಒಡೆದುಹೋಗಿತ್ತು.

"ಲೆನ್ನರ್ಟ್ ಪಿಟ್‌ನಲ್ಲೇ ಇಳಿದುಬಿಟ್ಟಿದ್ದಾನೆ. ಸೈಕಲ್ಲು ಅಪ್ಪನ ಕೈಗೆ ಕೊಟ್ಟಿದ್ದಾನೆ. ಅಪ್ಪ ಯಾವತ್ತೂ ನೋಡದ ಗೆರೆ ತನಗೂ ಬೇಡವಂತೆ, ಇಲ್ಲಿಗೇ ಮುಗಿಸ್ತಾನಂತೆ."

ಸುತ್ತ ನಿಂತವರು ಕಣ್ಣೊರೆಸಿಕೊಂಡರು. ರೈನ್‌ಹಿಲ್ಡ ಬಿಷಪ್‌ನನ್ನು ಹೆಗಲಿಗೆ ಹಾಕಿಕೊಂಡು ಓಡಿದಳು. ಓಡಿದಳೇನು, ಕೆಸರಿನಲ್ಲಿ ಕಾಲೆಳೆದಳು. ಪಿಟ್‌ನ ಬೇಲಿ ತಲುಪುವಾಗ ಅಲ್ಲಿ ಬೆನ್ನುಗಳ ಗೋಡೆಯೇ ಎದ್ದಿತ್ತು. ಒಳಗೆ ಹೋಗಲು ಮೊದಲೇ ಪಾಸು ಮಾಡಿಸಿರಬೇಕು. ಪಾಪ, ಓಡೀಲನಿಗೂ ತಪ್ಪಿತು ಎಂದುಕೊಂಡಳು. ಆಣೆಯಿಟ್ಟು ಹೇಳಬಹುದು, ಆ ಗಳಿಗೆಯಲ್ಲಿ ಅವಳು ಮರುಗಿದ್ದು ಅವನಿಗಾಗಿಯೇ.

ಪತ್ರಕರ್ತರ ಡೇರೆಗೆ ಬಂದಾಗ ಬೇರೊಂದು ಪತ್ರಿಕೆಯವನು ತನ್ನ ಫೋನಿನಲ್ಲಿ ಅವಳ ಪತ್ರಿಕೆಯ ಜಾಲತಾಣ ತೆರೆದು ಅವಳ ಮುಂದೆ ಚಾಚಿದ. "ನಿಮ್ಮವನು ಹೊಡೆದ್ಬಿಟ್ಟ ನೋಡಮ್ಮ. ನಾವೆಲ್ಲ ಕ್ಯಾಮೆರಾ ಮಾರ್ಕೊಂಡು ಮನೆಗೆ ಹೋಗೋದೇ."

ಪಿಟ್‌ನ ತಗಡಿನ ಸೂರಿನ ಕೆಳಗೆ, ನೆರಳಿನಲ್ಲಿ, ಅಪ್ಪ ಮಗ. ಫಿರ್ಮಿನ್‌ನ ಒಂದು ಕೈ ಮಗನ ಕತ್ತಿನ ಹಿಂದೆ, ಇನ್ನೊಂದರಲ್ಲಿ ಇನ್ನೂ ನೀರು ಸುರಿಯುತ್ತಿದ್ದ ಕೊಳವೆ. ಅವರ ಹಿಂದಿನಿಂದ ಇಳಿಬಿಸಿಲು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ತೆಗೆದ ಚಿತ್ರ. ಇಷ್ಟು ಒಳ್ಳೆಯದನ್ನು ಓಡೀಲ ಜನ್ಮದಲ್ಲಿ ತೆಗೆದಿರಲಿಲ್ಲ. ಎಡಮೂಲೆಯಲ್ಲಿ ಮಂಜಿನಂಥ ಒಂದು ಚುಕ್ಕಿ ಇತ್ತು. ಕೆಳಗೆ ಒಂದೇ ಹೆಸರು.

ಅವಳು ಬೆಂಚಿನ ಮೇಲೆ ಕುಳಿತುಬಿಟ್ಟಳು. ಬಯಲಿಗೆ ಬೇಡದ ಲೆನ್ಸನ್ನು ಅವನು ಯಾಕೆ ಕೇಳಿದ್ದೆಂದು ಈಗ ಹೊಳೆಯಿತು. ಸೂರಿನಡಿಯ ನೆರಳಿಗೆ, ಮೂಗಿನ ಮುಂದಿನ ಮುಖಕ್ಕೆ ಯಾವುದು ಬೇಕೋ ಅದನ್ನೇ ಆರಿಸಿದ್ದ. ಯಾವ ಲೆನ್ಸು ಯಾತಕ್ಕೆಂದು ಊರಿಗೆಲ್ಲ ಪಾಠ ಹೇಳುವವಳು ಅವಳು. ಅವನ ಬಾಯಿಂದ ಕೇಳಿಯೂ ಅವಳಿಗೆ ತಿಳಿಯಲಿಲ್ಲ. ಕತ್ತಿಯನ್ನು ತಾನೇ ಮಸೆದು ಕೊಟ್ಟು ಕತ್ತು ಚಾಚಿದ ಹಾಗಾಯಿತು. ಅಳು ಬಂತು, ಸಿಟ್ಟೂ ಬಂತು. ಸಿಟ್ಟು ಬಂದದ್ದು ಹೆಚ್ಚಾಗಿ ತನ್ನ ಮೇಲೆಯೇ.

ಸ್ವಲ್ಪ ಹೊತ್ತಿಗೆ ಓಡೀಲ ಬಂದ. ಅವಳ ಲೆನ್ಸನ್ನು ಮೇಜಿನ ಮೇಲಿಟ್ಟ.

"ಒರೆಸಿದ್ದೀನಿ."

"ಮರಳುದಿಬ್ಬದಲ್ಲಿ ಹೇಗಿತ್ತು ಬೆಳಕು?"

ಅವನು ತಲೆ ತಗ್ಗಿಸಿದ. "ಒಂದೇ ಪಾಸು ಇದ್ದಿದ್ದು ಹಿಲ್ಡಾ. ಮಗ ಪಿಟ್‌ನಲ್ಲೇ ಇಳೀತಾನೆ ಅಂತ ಫಿರ್ಮಿನ್ ಗುಟ್ಟಾಗಿ ಹೇಳಿ, ಯಾರಿಗೂ ಹೇಳಕೂಡದು ಅಂತ ಆಣೆ ಹಾಕಿಸ್ಕೊಂಡ. ನಾನೇನು ಮಾಡ್ಲಿ?"

"ಗುಟ್ಟು ನಿನ್ನ ಹತ್ರನೇ ಇಟ್ಕೊಂಡಿರ್ಬಹುದಿತ್ತು. ನಾನು ಬೇಡ ಅಂತಿರ್ಲಿಲ್ಲ. ಬಿಷಪ್‌ನನ್ನ ಕಾರಲ್ಲೇ ಬಿಟ್ಟು ಹೋಗ್ಬಹುದಿತ್ತು. ನನಗೆ ಯಾಕೋ ಕೊಟ್ಟೆ?"

ಅವನು ಮೇಜಿನ ಮೇಲಿದ್ದ ಲೆನ್ಸನ್ನು ಬೆರಳಿನಿಂದ ಅತ್ತ ಇತ್ತ ಹೊರಳಿಸಿದ.

"ಗಿಡ್ಡದು ಕೈಯಲ್ಲಿದ್ರೆ ನೀನು ಒಂದು ಕಡೆ ನಿಲ್ಲೋಳಲ್ಲ," ಎಂದ ಕೊನೆಗೆ. "ವಾಸನೆ ಹಿಡ್ಕೊಂಡು ಬಂದ್ಬಿಡ್ತೀಯ. ಪಾಸಿಲ್ದಿದ್ರೂ ಬೇಲಿ ಸಂದಿಯಿಂದ ಹೊಡೀತಿದ್ದೆ. ನನಗಿಂತ ಚೆನ್ನಾಗೇ ಹೊಡೀತಿದ್ದೆ."

ಇಷ್ಟು ವರ್ಷದಲ್ಲಿ ಅವನು ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಅವಳು ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಲಿಯೊಂಟೀನ್.

"ಪಿಟ್ ಚಿತ್ರ ಮುಖಪುಟಕ್ಕೆ ಹೋಗ್ತಿದೆ ರೈನ್‌ಹಿಲ್ಡ. ಅದರಲ್ಲಿ ಒಂದೇ ಹೆಸರಿದೆ. ಜನವರಿಗೆ ಯಾರು ಅಂತ ನಾನು ಬೇರೆ ಹೇಳಬೇಕಾಗಿಲ್ಲ ಅಂದ್ಕೋತೀನಿ."

"ಬೇಕಾಗಿಲ್ಲ."

"ಗೆದ್ದವನದು ಒಳಪುಟಕ್ಕೆ. ಅದಕ್ಕೆ ಎರಡು ಹೆಸರು ಕಳಿಸಿದ್ದೀರಿ. ತೆಗೆದಿದ್ದು ನೀವೇ ಅಲ್ವಾ? ಅವನ ಹೆಸರು ತೆಗೆದ್ಬಿಡ್ಲಾ?"

ರೈನ್‌ಹಿಲ್ಡ ಓಡೀಲನನ್ನು ನೋಡಿದಳು. ಮೊಣಕಾಲಿನವರೆಗೆ ಕೆಸರು, ಬೋಳುತಲೆಯ ಮೇಲೂ ಕೆಸರು. ಒಂದೇ ಪಾಸು, ಆಣೆ ಬೇರೆ. ಅವನ ಜಾಗದಲ್ಲಿ ತಾನಿದ್ದರೆ ಏನು ಮಾಡುತ್ತಿದ್ದೆ ಎಂದು ಅವಳು ನಿಜವಾಗಿಯೂ ಯೋಚಿಸಿದಳು.

"ಇರಲಿ ಬಿಡಿ," ಎಂದಳು. "ಮಾತು ಕೊಟ್ಟಾಗಿದೆ."

ಓಡೀಲನ ಕಣ್ಣು ತುಂಬಿತು. ಅವನು ಬಿಷಪ್‌ನನ್ನು ಮೆಲ್ಲನೆ ಅವಳ ಕಡೆಗೆ ದೂಡಿದ. "ನನ್ನ ಪಾಲೂ ನಿನಗೇ. ಪೂರ್ತಿ ನೀನೇ ಇಟ್ಕೋ."

"ಇವತ್ತು ಒಂದು ಸಲ ಕೊಟ್ಟಿದ್ದೀಯಲ್ಲ," ಎಂದಳು ಅವಳು. "ಸಾಕು."

ಬಿಷಪ್‌ನಿಂದ ತನ್ನ ಕ್ಯಾಮೆರಾ ಬಿಚ್ಚಿಕೊಂಡು, ಪುಟ್ಟ ಲೆನ್ಸನ್ನಷ್ಟೇ ಜೇಬಿಗೆ ಹಾಕಿಕೊಂಡು ಹೊರಬಿದ್ದಳು. ಜನ ಕರಗಿದ್ದರು. ಕಾರಿನ ಹೊಲಕ್ಕೆ ಪಿಟ್ ದಾಟಿಯೇ ಹೋಗಬೇಕು. ಅಲ್ಲಿ ಫಿರ್ಮಿನ್ ಇನ್ನು ಯಾರೂ ಹತ್ತದ ಸೈಕಲ್ಲಿಗೆ ನೀರು ಹಿಡಿದು ನಿಂತಿದ್ದ. ಅವಳನ್ನು ಕಂಡು ಕೊಳವೆ ತಗ್ಗಿಸಿದ.

"ಯಾರು ಗೆದ್ರು?"

ಇಷ್ಟರಲ್ಲೂ ಅವಳಿಗೆ ನಗು ಬಂತು. ಕ್ಯಾಮೆರಾದ ಬೆನ್ನಿನಲ್ಲಿ ಡಚ್ ಹುಡುಗನನ್ನು ತೋರಿಸಿದಳು. ಮುದುಕ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಬಗ್ಗಿ ನೋಡಿದ.

"ಚೆನ್ನಾಗಿ ಬಂದಿದೆ. ಆದ್ರೂ ನೀವು ಇಲ್ಲಿಗೆ ಬರಬೇಕಿತ್ತಮ್ಮ. ಲೆನ್ನರ್ಟ್ ಆಗ್ಲೇ ಕೇಳ್ದ, ಅವರು ಯಾಕೆ ಬರಲಿಲ್ಲ ಅಂತ."

"ಪಾಸು ಒಂದೇ ಇತ್ತಲ್ಲ ಫಿರ್ಮಿನ್ ಅವರೇ."

"ಯಾರು ಹೇಳಿದ್ದು? ಇಬ್ಬರಿಗೂ ಮಾಡಿಸಿದ್ದೆ. ಯಾವ ಫೋಟೊ ನೋಡಿದ್ರೂ ನಿಮ್ಮಿಬ್ಬರ ಹೆಸರೂ ಒಟ್ಟಿಗೇ ಇರುತ್ತಲ್ವಾ? ಒಬ್ಬರನ್ನ ಕರೆದು ಒಬ್ಬರನ್ನ ಬಿಡೋದು ಚೆನ್ನಾಗಿರುತ್ತಾ? ಅವರಿಗೂ ಹೇಳು ಅಂತ ಓಡೀಲನಿಗೆ ಸಾರಿ ಸಾರಿ ಹೇಳಿದ್ದೆ." ಸೂರಿನ ಕಂಬದ ಮೊಳೆಗೆ ತೂಗುಹಾಕಿದ್ದ ಚೀಟಿಯನ್ನು ಅವನು ಬಿಡಿಸಿ ತಂದ. ನೀರು ಚಿಮ್ಮಿ ಒದ್ದೆಯಾಗಿತ್ತು. ಅದರ ಮೇಲೆ ಅವಳ ಹೆಸರಿತ್ತು. "ಬೆಳಿಗ್ಗೆ ಬಂದು ಇದನ್ನ ವಾಪಸ್ ಕೊಟ್ಟ. ಅವಳಿಗೆ ಉದ್ದ ಲೆನ್ಸೇ ಬೇಕಂತೆ, ಗೆರೆ ಬಿಟ್ಟು ಬರಲ್ವಂತೆ ಅಂದ. ನನಗೂ ಮನಸ್ಸಿಗೆ ಒಂಥರಾ ಆಯ್ತು. ಹೋಗ್ಲಿ ಬಿಡಿ, ನಿಮ್ಮ ಕೆಲಸ ನಿಮಗೆ."

ರೈನ್‌ಹಿಲ್ಡ ಆ ಚೀಟಿಯನ್ನು ತೆಗೆದುಕೊಂಡಳು. ಮುದುಕನ ಭುಜವನ್ನೊಮ್ಮೆ ಮುಟ್ಟಿ, ಬೇಲಿಯ ಪಕ್ಕಕ್ಕೆ ಸರಿದು ಫೋನು ತೆಗೆದಳು.

"ಒಳಪುಟ ಅಚ್ಚಿಗೆ ಹೋಯ್ತಾ ಲಿಯೊಂಟೀನ್?"

"ಇನ್ನೂ ಇಲ್ಲ. ಯಾಕೆ?"

"ಗೆದ್ದವನ ಚಿತ್ರದಿಂದ ಓಡೀಲನ ಹೆಸರು ತೆಗೀರಿ."

"ಈಗ ತಾನೇ ಇರಲಿ ಅಂದ್ರಿ?"

"ಅಂದಿದ್ದೆ," ಎಂದಳು ರೈನ್‌ಹಿಲ್ಡ. "ಈಗ ತೆಗೀರಿ. ನನ್ನದೊಂದೇ ಸಾಕು."